ರೆಕ್ಕೆ ಮುರಿದ ಗಿಳಿಯ ಹೊಟ್ಟೆಯ ಚಿತ್ರ

ಗಿಳಿ ಸಾಕಿದ ಮನೆಯಲ್ಲಿ ಪಂಜರದ ತಳಕ್ಕೆ ಹಾಸಿದ ಹಳೇ ಪೇಪರನ್ನು ದಿನಾ ಬೆಳಗ್ಗೆ ಬದಲಾಯಿಸುತ್ತಾರೆ. ಮಡಚಿ ಬಿಸಾಡುವ ಮುನ್ನ ಅದನ್ನು ಒಂದು ನಿಮಿಷ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಆರೋಗ್ಯವಾಗಿರುವ ಹಕ್ಕಿಯ ಹಿಕ್ಕೆಯಲ್ಲಿ ಹಸಿರೋ ಕಂದೋ ಬಣ್ಣದ ಗಟ್ಟಿ ಭಾಗ, ಅದಕ್ಕಂಟಿದ ಬಿಳಿ ಭಾಗ, ಸುತ್ತ ಒಂದಿಷ್ಟು ನೀರು ಇರುತ್ತದೆ. ಅದರ ನಡುವೆ ನವಣೆ ಕಾಳು ಕಾಳಾಗಿಯೇ ಉಳಿದಿದ್ದರೆ, ಸೂರ್ಯಕಾಂತಿ ಬೀಜದ ತಿರುಳು ತಿಂದ ಹಾಗೆಯೇ ಹೊರಗೆ ಬಂದಿದ್ದರೆ ಹೊಟ್ಟೆಯೊಳಗೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಹಕ್ಕಿ ಎಂದಿನಂತೆ ತಿನ್ನುತ್ತಿರುತ್ತದೆ, ಕೆಲವೊಮ್ಮೆ ಎಂದಿಗಿಂತ ಹೆಚ್ಚೇ ತಿನ್ನುತ್ತದೆ. ಮನೆಯವರು ನೆಮ್ಮದಿಯಿಂದಿರುತ್ತಾರೆ. ಒಂದು ದಿನ ಕೈಯಲ್ಲಿ ಹಿಡಿದಾಗ ಎದೆಯ ನಡುವಿನ ಏಣುಮೂಳೆ ಬೆರಳಿಗೆ ಚೂಪಾಗಿ ತಗಲುತ್ತದೆ. ಅದರ ಎರಡೂ ಬದಿಯ ಮಾಂಸ ಕರಗಿಹೋಗಿರುತ್ತದೆ.

ಬೆಂಗಳೂರಿನ ಗರುಡಾಚಾರ್‌ಪಾಳ್ಯದಿಂದ ಹೂಡಿಯವರೆಗೆ, ಇತ್ತ ಕೆ.ಆರ್. ಪುರದವರೆಗೆ ಇಂಥ ಹಕ್ಕಿಗಳಿರುವ ಮನೆಗಳು ಕಡಿಮೆಯೇನಿಲ್ಲ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೊ ಶುರುವಾದಾಗ ಗರುಡಾಚಾರ್‌ಪಾಳ್ಯದ ಹೆಸರು ನಿಲ್ದಾಣದ ಬೋರ್ಡಿಗೆ ಬಂತು. ಅದಕ್ಕೂ ಮುಂಚಿನಿಂದಲೇ ಇಲ್ಲಿ ಹಳೆಯ ಹೆಂಚಿನ ಮನೆಯ ಪಕ್ಕದಲ್ಲಿ ಹತ್ತಾರು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿತ್ತು. ನಾಯಿ ಸಾಕಲು ಜಾಗವಿಲ್ಲ, ಬೆಕ್ಕು ಸಾಕಲು ಮನಸ್ಸಿಲ್ಲ ಎನ್ನುವವರ ಬಾಲ್ಕನಿಗಳಲ್ಲಿ ಬಜ್ಜಿ, ಲವ್‌ಬರ್ಡ್, ಕಾಕಟೀಲ್, ಸನ್ ಕನ್ಯೂರ್‌ಗಳು ಬಂದು ಕೂತವು. ಶಕ್ತಿಯಿದ್ದವರ ಮನೆಗೆ ಆಫ್ರಿಕನ್ ಗ್ರೇ, ನೀಲಿ-ಹಳದಿ ಮಕಾವ್ ಬಂದವು. ಹಿಂದೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಓಣಿಗಳಿಗೆ ಹೋಗಿ ತರುತ್ತಿದ್ದ ಹಕ್ಕಿ ಈಗ ಫೋನಿನಲ್ಲಿ ವಿಡಿಯೊ ನೋಡಿ ಆರಿಸಿದರೆ ಮನೆಬಾಗಿಲಿಗೆ ಬರುತ್ತದೆ. ಹಕ್ಕಿಯ ಕಾಯಿಲೆಯ ವಿಚಾರದಲ್ಲಿ ಮಾತ್ರ ನಮ್ಮ ತಿಳಿವಳಿಕೆ ಅಷ್ಟು ವೇಗವಾಗಿ ಬೆಳೆದಿಲ್ಲ.

ಕಾರಣವಿದೆ. ನಮ್ಮಲ್ಲಿ ಹಕ್ಕಿ ವೈದ್ಯ ಎಂದರೆ ಬಹುಪಾಲು ಕೋಳಿ ವೈದ್ಯವೇ. ಸಾವಿರಾರು ಕೋಳಿಗಳಿರುವ ಫಾರಂನಲ್ಲಿ ರೋಗ ಕಾಣಿಸಿದರೆ ಸತ್ತ ಒಂದೆರಡನ್ನು ಕೊಯ್ದು ನೋಡುತ್ತಾರೆ. ಅಲ್ಲಿ ಸಿಕ್ಕ ಉತ್ತರದ ಮೇಲೆ ಉಳಿದ ಹಿಂಡಿಗೆ ಮದ್ದು. ಒಂದೊಂದು ಕೋಳಿಗೂ ಎಕ್ಸ್-ರೇ ತೆಗೆಯುವ ಮಾತೇ ಇಲ್ಲ. ಮನೆಯ ಗಿಳಿ ಹಾಗಲ್ಲ. ಇರುವುದೇ ಒಂದು, ಅದಕ್ಕೊಂದು ಹೆಸರಿದೆ, ಮನೆಯ ಮಕ್ಕಳ ಹೆಸರನ್ನು ಅದು ಕೂಗುತ್ತದೆ. ಕೊಯ್ಯದೆ ಒಳಗಿನದನ್ನು ನೋಡಬೇಕು. ಅಲ್ಲಿಂದ ಶುರುವಾಗುತ್ತದೆ ಎಕ್ಸ್-ರೇಯ ಕೆಲಸ.

ಹಕ್ಕಿಗೆ ಹಲ್ಲಿಲ್ಲ. ಗಿಳಿ ಕೊಕ್ಕಿನಿಂದ ಸಿಪ್ಪೆ ಸುಲಿದು ತಿರುಳನ್ನು ನುಂಗುತ್ತದೆ. ನುಂಗಿದ್ದು ಕತ್ತಿನ ಬುಡದಲ್ಲಿರುವ ಮೇವುಚೀಲದಲ್ಲಿ ನೆನೆಯುತ್ತದೆ. ಅಲ್ಲಿಂದ ಜಠರಕ್ಕೆ ಇಳಿಯುತ್ತದೆ. ಹಕ್ಕಿಯ ಜಠರಕ್ಕೆ ಎರಡು ಕೋಣೆ. ಮೊದಲನೆಯದು ಪ್ರೊವೆಂಟ್ರಿಕ್ಯುಲಸ್. ಇದರ ಗೋಡೆಯಲ್ಲಿ ಆಮ್ಲವನ್ನೂ ಜೀರ್ಣರಸವನ್ನೂ ಸುರಿಸುವ ಗ್ರಂಥಿಗಳಿವೆ. ಎರಡನೆಯದು ಗಿಜರ್ಡ್. ಕೋಳಿ ಅಂಗಡಿಯಲ್ಲಿ ಸೀಳಿ, ಒಳಗಿನ ಹಳದಿ ಪೊರೆ ಸುಲಿದು ಕೊಡುವ ಗಟ್ಟಿ ಮಾಂಸದ ಉಂಡೆ ಇದೇ. ಮೊದಲ ಕೋಣೆಯಲ್ಲಿ ರಸ ಬೆರೆತ ಕಾಳನ್ನು ಇದು ಒರಳಿನ ಹಾಗೆ ಅರೆಯುತ್ತದೆ. ಅರೆದದ್ದು ಸಾಲದಿದ್ದರೆ ಮತ್ತೆ ಹಿಂದಕ್ಕೆ ತಳ್ಳಿ ಇನ್ನೊಮ್ಮೆ ರಸ ಬೆರೆಸಿ ತರಿಸಿಕೊಳ್ಳುತ್ತದೆ. ಈ ಹಿಂದು-ಮುಂದಿನ ಓಡಾಟಕ್ಕೆಲ್ಲ ತಾಳ ಹಾಕುವುದು ಜಠರದ ಗೋಡೆಯೊಳಗೇ ಹೆಣೆದುಕೊಂಡ ನರಗಳ ಬಲೆ.

ಆ ನರಗಳು ಕೆಟ್ಟರೆ ತಾಳ ತಪ್ಪುತ್ತದೆ. ಸ್ನಾಯುಗಳಿಗೆ ಸೂಚನೆ ಹೋಗುವುದಿಲ್ಲ. ತಿಂದದ್ದು ಮೊದಲ ಕೋಣೆಯಲ್ಲೇ ತುಂಬಿಕೊಳ್ಳುತ್ತದೆ, ಕೋಣೆ ಹಿಗ್ಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಅರೆಯದ ಕಾಳು ಕರುಳಿಗೆ ಜಾರಿ ಹಾಗೆಯೇ ಹೊರಬೀಳುತ್ತದೆ. ಹೊಟ್ಟೆ ತುಂಬ ತಿಂದೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಪಿಡಿಡಿ ಎಂದು ಹಕ್ಕಿ ವೈದ್ಯರು ಕರೆಯುವ, ಪ್ರೊವೆಂಟ್ರಿಕ್ಯುಲಸ್ ಹಿಗ್ಗುವ ಈ ರೋಗ 1970ರ ದಶಕದ ಕೊನೆಗೆ ಅಮೆರಿಕ ಮತ್ತು ಯುರೋಪಿನಲ್ಲಿ ಸಾಕಿದ ಮಕಾವ್‌ಗಳಲ್ಲಿ ಕಾಣಿಸಿತು. ಆಗ ಅದಕ್ಕೆ ಮಕಾವ್ ಕ್ಷಯಿಸುವ ರೋಗ ಎಂಬ ಹೆಸರೇ ಇತ್ತು. ಮುಂದೆ ಆಫ್ರಿಕನ್ ಗ್ರೇ, ಕಾಕಟೂ, ಕಾಕಟೀಲ್, ಕನ್ಯೂರ್‌ಗಳಲ್ಲೂ ಕಂಡಿತು. ಕೆಲವು ಹಕ್ಕಿಗಳಲ್ಲಿ ಹೊಟ್ಟೆಗಿಂತ ಮೊದಲು ಮಿದುಳು ಕೆಡುತ್ತದೆ. ಕೊಂಬೆಯ ಮೇಲೆ ನಿಲ್ಲಲಾರದೆ ಬೀಳುತ್ತವೆ, ತಲೆ ನಡುಗುತ್ತದೆ, ಫಿಟ್ಸ್ ಬರುತ್ತದೆ.

ರೋಗದ ಮೂಲ ಸಿಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಏಮಿ ಕಿಸ್ಲರ್, ಜೋಸೆಫ್ ಡಿರಿಸಿ ಅವರ ತಂಡವೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಇಯಾನ್ ಲಿಪ್ಕಿನ್ ಅವರ ತಂಡವೂ ಬೇರೆ ಬೇರೆಯಾಗಿ ಹುಡುಕಿ ಒಂದೇ ಕಡೆಗೆ ಬಂದು ಮುಟ್ಟಿದವು. ರೋಗದಿಂದ ಸತ್ತ ಗಿಳಿಗಳ ಅಂಗಾಂಶದಲ್ಲಿ ಎರಡೂ ತಂಡಗಳಿಗೆ ಸಿಕ್ಕಿದ್ದು ಬೋರ್ನಾವೈರಸ್. ಜರ್ಮನಿಯ ಬೋರ್ನಾ ಊರಿನಲ್ಲಿ 1885ರಲ್ಲಿ ಅಶ್ವದಳದ ಕುದುರೆಗಳನ್ನು ಕೊಂದ ಮಿದುಳು ರೋಗದ ವೈರಸ್ಸಿನ ಕುಟುಂಬಕ್ಕೆ ಸೇರಿದ್ದು ಇದು. 2009-10ರ ಹೊತ್ತಿಗೆ ಸಂಶೋಧಕರು ಕಾಕಟೀಲ್‌ಗಳಿಗೂ ಪ್ಯಾಟಗೋನಿಯನ್ ಕನ್ಯೂರ್‌ಗಳಿಗೂ ಈ ಸೋಂಕು ಹತ್ತಿಸಿ ಅದೇ ರೋಗ ಬರುವುದನ್ನು ತೋರಿಸಿದರು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಇಯಾನ್ ಟಿಜಾರ್ಡ್ ಮತ್ತು ಶಾರ್ಮನ್ ಹೋಪ್ಸ್ ಅವರೊಡನೆ ಈ ರೋಗದ ಬಗ್ಗೆ ಬರೆದವರಲ್ಲಿ ಕ್ಯಾಲಿಫೋರ್ನಿಯಾದ ಹಕ್ಕಿ ರೋಗಶಾಸ್ತ್ರಜ್ಞ ಎಚ್.ಎಲ್. ಶಿವಪ್ರಸಾದ್ ಕೂಡ ಇದ್ದಾರೆ.

ವೈರಸ್ ಸಿಕ್ಕಿತಲ್ಲ, ಇನ್ನು ಎಕ್ಸ್-ರೇ ಏಕೆ ಎಂದು ಕೇಳಬಹುದು. ಈ ವೈರಸ್ಸಿನ ಸ್ವಭಾವವೇ ತೊಡಕಿನದು. ಸೋಂಕು ತಗುಲಿದ ಎಷ್ಟೋ ಹಕ್ಕಿಗಳು ವರ್ಷಗಟ್ಟಲೆ, ಕೆಲವು ಬದುಕಿನ ಕೊನೆಯವರೆಗೂ ಏನೂ ಆಗದೆ ಇರುತ್ತವೆ. ಹಿಕ್ಕೆಯಲ್ಲೂ ಮೂತ್ರದಲ್ಲೂ ವೈರಸ್ ಒಂದು ದಿನ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಹಕ್ಕಿಗೆ ರೋಗವಿದೆ ಎನ್ನುವ ಹಾಗಿಲ್ಲ, ಒಮ್ಮೆ ನೆಗೆಟಿವ್ ಬಂದ ಮಾತ್ರಕ್ಕೆ ಸೋಂಕಿಲ್ಲ ಎನ್ನುವ ಹಾಗೂ ಇಲ್ಲ. ಮೇವುಚೀಲದ ಚೂರು ಕತ್ತರಿಸಿ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಆದರೆ ಕತ್ತರಿಸಿದ ಚೂರಿನಲ್ಲಿ ಕೆಟ್ಟ ನರ ಸಿಗಲೇಬೇಕೆಂದಿಲ್ಲ. ಕಣ್ಣೆದುರಿನ ಈ ಹಕ್ಕಿಯ ಹೊಟ್ಟೆ ಈಗ ಎಷ್ಟು ಹಿಗ್ಗಿದೆ, ಹೋದ ತಿಂಗಳಿಗಿಂತ ಹೆಚ್ಚಾಗಿದೆಯೇ ಎಂಬ ಪ್ರಶ್ನೆಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಉತ್ತರ ಕೊಡಬಲ್ಲದ್ದು ಎಕ್ಸ್-ರೇ. ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಗಿಳಿಯ ಬೋರ್ನಾವೈರಸ್ ಮನುಷ್ಯರಿಗೆ ತಗುಲಿದ್ದಕ್ಕೆ ಪುರಾವೆಯಿಲ್ಲ. ಮನೆಯವರು ಎಚ್ಚರವಾಗಿರಬೇಕಾದದ್ದು ಸಿಟಕೋಸಿಸ್ ಎಂಬ ಬೇರೆಯೇ ಸೋಂಕಿನ ಬಗ್ಗೆ. ಒಣಗಿದ ಹಿಕ್ಕೆಯ ದೂಳಿನಿಂದ ಅದು ಮನುಷ್ಯರ ಶ್ವಾಸಕೋಶಕ್ಕೆ ಬರುತ್ತದೆ.

ಗಿಳಿಗೆ ಎಕ್ಸ್-ರೇ ತೆಗೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಒಂದು ಒಳ್ಳೆಯ ಚಿತ್ರದ ಹಿಂದೆ ಎಷ್ಟು ಶ್ರಮವಿದೆ ಎಂದು ಗೊತ್ತಾಗುತ್ತದೆ. ಎಚ್ಚರವಿರುವ ಗಿಳಿ ಒದ್ದಾಡುತ್ತದೆ, ಒದ್ದಾಡಿದರೆ ಉಸಿರು ಕಟ್ಟುತ್ತದೆ. ಅದಕ್ಕೆ ಪುಟ್ಟ ಮಾಸ್ಕಿನಲ್ಲಿ ಐಸೋಫ್ಲೂರೇನ್ ಅನಿಲ ಕೊಟ್ಟು ಮಲಗಿಸುತ್ತಾರೆ. ಪಾರದರ್ಶಕ ಅಕ್ರಿಲಿಕ್ ಹಲಗೆಯ ಮೇಲೆ ಅಂಗಾತ ಹಾಕಿ ಎರಡೂ ರೆಕ್ಕೆಗಳನ್ನು ಬಿಡಿಸಿ, ಗರಿ ಕೀಳದ ಹಾಗೆ ಮೈಕ್ರೊಪೋರ್ ಟೇಪಿನಿಂದ ಅಂಟಿಸುತ್ತಾರೆ. ತೊಡೆಯ ನೆರಳು ಹೊಟ್ಟೆಯ ಮೇಲೆ ಬೀಳದಂತೆ ಕಾಲುಗಳನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರೆ. ಮೇಲಿನಿಂದ ನೋಡಿದರೆ ಎದೆಯ ಏಣುಮೂಳೆ ಬೆನ್ನುಮೂಳೆಯ ಮೇಲೆ ಸರಿಯಾಗಿ ಕೂತಿರಬೇಕು. ಕೂದಲೆಳೆಯಷ್ಟು ವಾಲಿದರೂ ಒಳಗಿನ ಅಂಗಗಳ ಗಾತ್ರ ತಪ್ಪಾಗಿ ಕಾಣುತ್ತದೆ. ಆಮೇಲೆ ಮಗ್ಗುಲಿಗೆ ತಿರುಗಿಸಿ, ರೆಕ್ಕೆಗಳನ್ನು ಬೆನ್ನ ಮೇಲಕ್ಕೆ ಎತ್ತಿ ಇನ್ನೊಂದು. ಹಕ್ಕಿಯ ಉಸಿರು ಚುರುಕು, ಹಾಗಾಗಿ ಕಿರಣ ಹಾಯುವ ಸಮಯ ಕ್ಷಣದ ಸಣ್ಣ ಭಾಗದಷ್ಟಿರಬೇಕು, ಇಲ್ಲದಿದ್ದರೆ ಚಿತ್ರ ಮಬ್ಬಾಗುತ್ತದೆ. ಹಕ್ಕಿಯ ದೇಹ ಒಂದು ಉಪಕಾರವನ್ನೂ ಮಾಡುತ್ತದೆ. ಅದರೊಳಗೆ ತುಂಬಿರುವ ಗಾಳಿಚೀಲಗಳು ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುತ್ತವೆ. ಆ ಕಪ್ಪಿನ ಎದುರಿಗೆ ಜಠರದ ಅಂಚು ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಸಾಲದಿದ್ದರೆ ಮೇವುಚೀಲಕ್ಕೆ ಬೇರಿಯಂ ಕುಡಿಸಿ, ಆ ಬಿಳಿ ದ್ರವ ಎಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಸಾಲಾಗಿ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತ ಗಿಳಿಯಲ್ಲಿ ಅದು ಕೆಲವು ಗಂಟೆಯೊಳಗೆ ಹೊರದಾರಿ ಹಿಡಿಯುತ್ತದೆ. ನರ ಕೆಟ್ಟ ಹಕ್ಕಿಯಲ್ಲಿ ಮರುದಿನವೂ ಮೊದಲ ಕೋಣೆಯಲ್ಲೇ ನಿಂತಿರಬಹುದು.

ಚಿತ್ರ ಬಂದ ಮೇಲೆ ಬರುವ ಪ್ರಶ್ನೆ, ಇದು ಹಿಗ್ಗಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಮಕಾವ್‌ನ ಜಠರ ಲವ್‌ಬರ್ಡ್‌ನ ಜಠರಕ್ಕಿಂತ ದೊಡ್ಡದೇ. ಬಹಳ ಕಾಲ ವೈದ್ಯರು ಅನುಭವದ ಕಣ್ಣಳತೆಯಲ್ಲೇ ಹೇಳುತ್ತಿದ್ದರು. 2008ರಲ್ಲಿ, ವೈರಸ್ ಸಿಕ್ಕ ವರ್ಷವೇ, ಡೆನಿಸನ್, ಪಾಲ್-ಮರ್ಫಿ ಮತ್ತು ಆಡಮ್ಸ್ ಎಂಬ ಮೂವರು ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಸರಳ ಅಳತೆ ಕೊಟ್ಟರು. ಮಗ್ಗುಲ ಚಿತ್ರದಲ್ಲಿ, ಬೆನ್ನಿನ ಕೊನೆಯ ಎದೆಕಶೇರು ಸೊಂಟದ ಬೆಸೆದ ಮೂಳೆಗೆ ಸೇರುವ ಜಾಗದ ನೇರಕ್ಕೆ ಪ್ರೊವೆಂಟ್ರಿಕ್ಯುಲಸ್‌ನ ಅಗಲ ಅಳೆಯಿರಿ. ಅದೇ ಚಿತ್ರದಲ್ಲಿ ಎದೆಯ ಏಣುಮೂಳೆಯ ಗರಿಷ್ಠ ಎತ್ತರ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 0.48ಕ್ಕಿಂತ ಕಡಿಮೆಯಿದ್ದರೆ ಜಠರದ ಗಾತ್ರ ಸಹಜ. ಏಣುಮೂಳೆ 24 ಮಿಲಿಮೀಟರ್ ಇರುವ ಹಕ್ಕಿಯ ಜಠರ 10 ಮಿಲಿಮೀಟರ್ ಅಗಲವಿದ್ದರೆ ಅನುಪಾತ 0.42, ಚಿಂತೆಯಿಲ್ಲ. 15 ಮಿಲಿಮೀಟರ್ ಇದ್ದರೆ 0.62 ದಾಟುತ್ತದೆ, ಮುಂದಿನ ಪರೀಕ್ಷೆಗಳು ಬೇಕೇ ಬೇಕು.

ಈ ಅಳತೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಸಂಗತಿಗಳು ಎರಡು. ಅನುಪಾತಕ್ಕೆ ಏಕಮಾನವಿಲ್ಲ. ಚಿತ್ರ ದೊಡ್ಡದಾಗಿ ಮುದ್ರಣವಾದರೂ ಚಿಕ್ಕದಾಗಿ ಪರದೆಯ ಮೇಲೆ ಬಂದರೂ, ಯಾವ ಕಂಪನಿಯ ಯಂತ್ರದಲ್ಲಿ ತೆಗೆದರೂ ಉತ್ತರ ಬದಲಾಗುವುದಿಲ್ಲ. ಅಂದರೆ ಇಂದಿರಾನಗರದ ಕ್ಲಿನಿಕ್ಕಿನ ಚಿತ್ರವನ್ನೂ ಮೈಸೂರಿನ ಚಿತ್ರವನ್ನೂ ಒಂದೇ ಪಟ್ಟಿಯಲ್ಲಿ ಇಡಬಹುದು. ಎರಡನೆಯದು ಇನ್ನೂ ದೊಡ್ಡದು. ಆ ಅಧ್ಯಯನಕ್ಕಾಗಿ ಯಾವ ಹಕ್ಕಿಯನ್ನೂ ಹೊಸದಾಗಿ ಮಲಗಿಸಲಿಲ್ಲ. ಬೇರೆ ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದ ಗಿಳಿಗಳ, ಆಗಲೇ ತೆಗೆದಿಟ್ಟಿದ್ದ ಎಕ್ಸ್-ರೇಗಳನ್ನು ಕಡತದಿಂದ ಹೊರತೆಗೆದು ಅಳೆದರು. ಸಹಜ ಜಠರ ಎಷ್ಟಿರುತ್ತದೆ ಎಂದು ಹೇಳಿಕೊಟ್ಟದ್ದು ಹೊಟ್ಟೆಯ ತೊಂದರೆಯೇ ಇಲ್ಲದ ಹಕ್ಕಿಗಳ ಚಿತ್ರಗಳು.

ಬೆಂಗಳೂರಿಗೆ ಇದನ್ನು ಹೊಂದಿಸಿ ನೋಡಿ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಗಿಳಿ, ಫ್ಯಾನಿಗೆ ಬಡಿದು ಭುಜ ಮುರಿದುಕೊಂಡ ಕಾಕಟೀಲ್, ಬಾಗಿಲ ಸಂದಿಗೆ ಕಾಲು ಸಿಕ್ಕಿದ ಕನ್ಯೂರ್ ದಿನವೂ ಒಂದಲ್ಲ ಒಂದು ಕ್ಲಿನಿಕ್ಕಿಗೆ ಬರುತ್ತವೆ. ಹಕ್ಕಿ ಚಿಕ್ಕದಾದ್ದರಿಂದ ರೆಕ್ಕೆಗೆಂದು ತೆಗೆದ ಎಕ್ಸ್-ರೇಯಲ್ಲಿ ಇಡೀ ದೇಹವೇ ಬರುತ್ತದೆ. ಮೂಳೆ ಎಲ್ಲಿ ಮುರಿದಿದೆ ಎಂದು ನೋಡಿ, ಕಟ್ಟು ಹಾಕಿ, ಚಿತ್ರವನ್ನು ಮನೆಯವರ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಕ್ಲಿನಿಕ್ಕಿನ ಮಟ್ಟಿಗೆ ಕೆಲಸ ಮುಗಿಯಿತು. ಆ ಚಿತ್ರದ ನಡುವಿನಲ್ಲಿ ಒಂದು ಆರೋಗ್ಯವಂತ ಜಠರ, ನಮ್ಮ ಊರಿನ ಮೇವು ತಿಂದ ಜಠರ, ಅಳೆಯಲು ಸಿದ್ಧವಾಗಿ ಕೂತಿರುತ್ತದೆ. ಅದನ್ನು ಯಾರೂ ಅಳೆಯುವುದಿಲ್ಲ. ಕಂಪ್ಯೂಟರ್ ತುಂಬಿದಾಗ ಅಳಿಸಿಹಾಕುತ್ತಾರೆ. ಹಕ್ಕಿಗಳ ಹೊಟ್ಟೆ ರೋಗದ ಸಂಶೋಧನೆಗೆ ನಾವು ಕೊಡಬಹುದಾದ ಅತ್ಯಂತ ಬೆಲೆಬಾಳುವ ವಸ್ತು ಇದೇ ಎಂದು ನಾನು ನಂಬಿದ್ದೇನೆ. ರೋಗಿ ಹಕ್ಕಿಗಳ ಚಿತ್ರವನ್ನು ಹೇಗೂ ಜನ ಜೋಪಾನ ಮಾಡುತ್ತಾರೆ. ರೋಗವಿಲ್ಲದ ಹೊಟ್ಟೆಯ ಚಿತ್ರಕ್ಕೆ ಮಾತ್ರ ವಾರಸುದಾರರಿಲ್ಲ.

ವೈಟ್‌ಫೀಲ್ಡ್ ರಸ್ತೆಯ ಒಂದು ಕ್ಲಿನಿಕ್ಕಿನಲ್ಲಿ ಆಫ್ರಿಕನ್ ಗ್ರೇ ಹಕ್ಕಿಯ ಎಕ್ಸ್-ರೇ ಮುಗಿದ ಮೇಲೆ ವೈದ್ಯೆ ಮನೆಯಾಕೆಯನ್ನು ಕೇಳಿದರು, “ಅಮ್ಮ, ಈ ಚಿತ್ರಾನ ಮುಂದೆ ಅಧ್ಯಯನಕ್ಕೆ ಬಳಸ್ಕೋಬಹುದಾ? ನಿಮ್ಮ ಹೆಸರು ತೆಗೆದುಬಿಡ್ತೀವಿ.” ಆಕೆ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. “ಡಾಕ್ಟ್ರೇ, ಕಾಲಿನ ಉಂಗುರ ಕಾಣಿಸ್ತಿದೆಯಲ್ಲ, ನಂಬರ್ ಗೊತ್ತಾಗುತ್ತಾ?” ಉಂಗುರ ಬಿಳಿಯಾಗಿ ಹೊಳೆಯುತ್ತಿತ್ತು. “ಆ ಭಾಗ ಮುಚ್ಚಿಯೇ ಕಳಿಸ್ತೀವಿ” ಎಂದ ಮೇಲೆ ಆಕೆ ಒಪ್ಪಿದರು.

ಆ ಅಳುಕಿಗೆ ಕಾರಣವಿದೆ, ಅದನ್ನು ಹಗುರವಾಗಿ ಕಾಣಬಾರದು. ನಮ್ಮ ಮರಗಳಲ್ಲಿ ಕೂಗುವ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಹಕ್ಕಿಗಳ ವಿಚಾರದಲ್ಲಿ 2022ರ ತಿದ್ದುಪಡಿ ಬಂತು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳಂತೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ಸಾಕಿದವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಫ್ರಿಕನ್ ಗ್ರೇ, ಮಕಾವ್‌ಗಳು ಆ ಪಟ್ಟಿಯಲ್ಲಿವೆ, ಕಾಕಟೀಲ್ ಮತ್ತು ಬಜ್ಜಿ ಇಲ್ಲ. ಕಾಗದಪತ್ರ ಸರಿಯಿಲ್ಲದವರು ಹಕ್ಕಿ ಕಾಯಿಲೆ ಬಿದ್ದರೂ ಆಸ್ಪತ್ರೆಗೆ ತರಲು ಹೆದರುತ್ತಾರೆ, ಬಂದರೂ ಪೂರ್ತಿ ಹೇಳುವುದಿಲ್ಲ. ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡಿನಿಂದ ಕದ್ದ ಹಕ್ಕಿಯ ಮಾರಾಟ ನಿಲ್ಲಲೇಬೇಕು. ಅದರ ಜೊತೆಗೇ, ಸಂಶೋಧನೆಗೆ ಚಿತ್ರ ಕೊಟ್ಟವರ ಗುರುತು ಎಂದೂ ಹೊರಬೀಳುವುದಿಲ್ಲ ಎಂಬ ಭರವಸೆ ಕಾಗದದ ಮೇಲಿರಬೇಕು. ಆಸ್ಪತ್ರೆಯ ಯಂತ್ರದಿಂದ ಬರುವ ಮೂಲ ಕಡತ ಡೈಕಾಮ್ ರೂಪದಲ್ಲಿರುತ್ತದೆ. ಅದರೊಳಗೆ ಮನೆಯವರ ಹೆಸರು, ಫೋನ್ ನಂಬರ್, ತಾರೀಖು ಎಲ್ಲ ಅಡಗಿರಬಹುದು. ಚಿತ್ರದ ಮೇಲೆ ಕಾಣುವ ಹೆಸರಿಗೆ ಮಸಿ ಬಳಿದರೆ ಸಾಲದು, ಒಳಗಿನ ಆ ಮಾಹಿತಿಯನ್ನೂ ತೆಗೆಯಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಾತ್ರ ಕುಗ್ಗಿದ್ದರಿಂದ ಅನುಪಾತ ಕೆಡುವುದಿಲ್ಲ ಎಂದು ಈಗಷ್ಟೇ ಹೇಳಿದೆ. ಆದರೆ ಅಲ್ಲಿ ಬರುವುದು ಬಹಳ ಸಲ ಪರದೆಗೆ ಓರೆಯಾಗಿ ಫೋನ್ ಹಿಡಿದು ತೆಗೆದ ಫೋಟೊ. ಓರೆಯಾದರೆ ಒಂದು ದಿಕ್ಕಿನ ಅಳತೆ ಕುಗ್ಗಿ ಇನ್ನೊಂದು ಹಾಗೇ ಉಳಿಯುತ್ತದೆ, ಅನುಪಾತ ಅಲ್ಲೇ ಸುಳ್ಳಾಗುತ್ತದೆ. ಜಠರದ ಅಂಚಿನ ತೆಳು ಬೂದು ಗೆರೆ ಫೋಟೊದಲ್ಲಿ ಅಳಿಸಿಹೋಗುತ್ತದೆ. ಮೂಲ ಕಡತವನ್ನೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳುವುದು ಉತ್ತಮ. ಕೇಳಿದರೆ ಬಹುತೇಕ ಕ್ಲಿನಿಕ್‌ಗಳು ಕೊಡುತ್ತವೆ.

ಚಿತ್ರದ ಜೊತೆಗೆ ಹಕ್ಕಿಯ ಕಥೆಯೂ ಹೋಗಬೇಕು, ಇಲ್ಲದಿದ್ದರೆ ಅದರಿಂದ ತಪ್ಪು ಪಾಠ ಕಲಿಯುವ ಅಪಾಯವಿದೆ. ಕೈತುತ್ತು ತಿನ್ನುವ ಮರಿಗಳ ಪ್ರೊವೆಂಟ್ರಿಕ್ಯುಲಸ್ ಹುಟ್ಟಾ ದೊಡ್ಡದಾಗಿಯೇ ಕಾಣುತ್ತದೆ. ವಯಸ್ಸು ಬರೆಯದಿದ್ದರೆ ಆರೋಗ್ಯವಂತ ಮರಿಯನ್ನು ರೋಗಿಗಳ ಪಟ್ಟಿಗೆ ಸೇರಿಸಿಬಿಡುತ್ತಾರೆ. ಹಿಗ್ಗಿದ ಜಠರಕ್ಕೆಲ್ಲ ಬೋರ್ನಾವೈರಸ್ಸೇ ಕಾರಣವೂ ಅಲ್ಲ. ಸತು ಲೇಪಿಸಿದ ಅಗ್ಗದ ಪಂಜರದ ಸರಳನ್ನು ಕಡಿಯುವ ಗಿಳಿಗೆ, ಕಿಟಕಿ ಪರದೆಯ ತುದಿಗೆ ಹೊಲಿದ ಸೀಸದ ಗುಂಡನ್ನು ನುಂಗಿದ ಗಿಳಿಗೆ ಲೋಹದ ವಿಷ ಏರಿ ಹೊಟ್ಟೆ ಹೀಗೆಯೇ ಹಿಗ್ಗಬಹುದು. ಎಕ್ಸ್-ರೇಯಲ್ಲಿ ಆ ಲೋಹದ ಚೂರು ಅಚ್ಚ ಬಿಳಿಯಾಗಿ ಮಿಂಚಿದರೆ ಗುರುತು ಸಿಗುತ್ತದೆ, ಚೂರು ಆಗಲೇ ಹೊರಹೋಗಿದ್ದರೆ ಸಿಗುವುದಿಲ್ಲ. ಬಜ್ಜಿಗಳಲ್ಲಿ ಮ್ಯಾಕ್ರೊರ‍್ಯಾಬ್ಡಸ್ ಎಂಬ ಶಿಲೀಂಧ್ರ ಜಠರದಲ್ಲಿ ಬೆಳೆದು ಅದೇ ರೀತಿ ಸೊರಗಿಸುತ್ತದೆ. ಹಾಗಾಗಿ ಜಾತಿ, ವಯಸ್ಸು, ಗ್ರಾಂನಲ್ಲಿ ತೂಕ, ಏನು ತಿನ್ನುತ್ತದೆ, ಚಿತ್ರಕ್ಕೆ ಎಷ್ಟು ಹೊತ್ತು ಮುಂಚೆ ತಿಂದಿತ್ತು, ಅರಿವಳಿಕೆ ಕೊಟ್ಟಿದ್ದರೇ, ಬೇರೆ ಯಾವ ಪರೀಕ್ಷೆಗಳಾದವು ಎಂಬುದೆಲ್ಲ ಒಂದು ಹಾಳೆಯಲ್ಲಿ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟ ಪುಸ್ತಕವನ್ನು ಮನೆಯವರು ತಂದುಕೊಟ್ಟರೆ ವೈದ್ಯರಿಗೆ ಅದು ಇನ್ನೊಂದು ಎಕ್ಸ್-ರೇಯಷ್ಟೇ ಮುಖ್ಯ.

ಅಳೆಯುವವರ ಕಡೆಯೂ ಶಿಸ್ತು ಬೇಕು. ಹಕ್ಕಿಗೆ ರೋಗವಿತ್ತು ಎಂದು ಮೊದಲೇ ತಿಳಿದವರ ಕಣ್ಣು ಜಠರವನ್ನು ತುಸು ದೊಡ್ಡದಾಗಿಯೇ ನೋಡುತ್ತದೆ. ಅದಕ್ಕೇ ಯಾವ ಹಕ್ಕಿಯದೆಂದು ಹೇಳದೆ ಇಬ್ಬರ ಕೈಯಲ್ಲಿ ಬೇರೆ ಬೇರೆಯಾಗಿ ಅಳೆಸಬೇಕು, ಇಬ್ಬರ ಲೆಕ್ಕ ಎಷ್ಟು ಹೊಂದುತ್ತದೆ ಎಂದು ನೋಡಬೇಕು. ಸಂಶೋಧನೆಗೆಂದೇ ಹಕ್ಕಿಯನ್ನು ಮಲಗಿಸಿ ಎಕ್ಸ್-ರೇ ತೆಗೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪ್ರತಿ ಅರಿವಳಿಕೆಯೂ ಸಣ್ಣ ದೇಹಕ್ಕೆ ಅಪಾಯವೇ. ಚಿಕಿತ್ಸೆಗೆಂದು ತೆಗೆದದ್ದನ್ನು ಕೂಡಿಡುವುದೇ ಸರಿಯಾದ ದಾರಿ.

ಕೂಡಿಡುವ ಜಾಗಗಳಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಮೈಸೂರಿನ ಅವಧೂತ ದತ್ತ ಪೀಠದಲ್ಲಿ ಗಣಪತಿ ಸಚ್ಚಿದಾನಂದ ಸ್ವಾಮೀಜಿ ಕಟ್ಟಿಸಿದ ಶುಕವನವಿದೆ. 468 ಜಾತಿಯ ಹಕ್ಕಿಗಳಿರುವ ಪಕ್ಷಿಧಾಮವೆಂದು 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಜಾಗ. ಅಲ್ಲಿ ಹಕ್ಕಿಗಳಿಗೆಂದೇ ಆಸ್ಪತ್ರೆಯೂ ಇದೆ. ಇಷ್ಟು ಜಾತಿಯ ಹಕ್ಕಿಗಳು ಒಂದೇ ಹವೆಯಲ್ಲಿ, ಒಂದೇ ಕೈಯ ಆರೈಕೆಯಲ್ಲಿ ಬದುಕುವ ಕಡೆ ಸಹಜ ಜಠರದ ಚಿತ್ರಗಳನ್ನು ಜಾತಿವಾರು ಜೋಡಿಸಿಟ್ಟರೆ ಜಗತ್ತೇ ತಿರುಗಿ ನೋಡುವಂಥ ಸಂಗ್ರಹವಾದೀತು. ಬೆಂಗಳೂರಿನಲ್ಲಿ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಗಾಯಗೊಂಡ ಹಕ್ಕಿಗಳು ಬರುತ್ತವೆ. ಕಾನೂನಿನ ಕಾರಣಕ್ಕೆ ಮನೆಗಳಲ್ಲಿ ಇರಬಾರದ ನಮ್ಮ ಹಸಿರು ಗಿಳಿಯ ಸಹಜ ಅಳತೆ ಸಿಗುವುದಿದ್ದರೆ ಇಂಥ ಪುನರ್ವಸತಿ ಕೇಂದ್ರಗಳ ಕಡತಗಳಿಂದಲೇ ಸಿಗಬೇಕು. ಮಕಾವ್‌ಗೂ ಕಾಕಟೂಗೂ ಕೂಡಿಸಿ ಕಟ್ಟಿದ 0.48 ಎಂಬ ಗಡಿಯನ್ನು ನಮ್ಮ ಗಿಳಿಗೂ ಹಾಗೆಯೇ ಹಚ್ಚುವ ಮೊದಲು ನಮ್ಮ ಗಿಳಿಯನ್ನೇ ಅಳೆದು ನೋಡಬೇಕಲ್ಲ.

ಎಲ್ಲವನ್ನೂ ಒಟ್ಟಿಗೆ ಕಾಯುವ ಕೆಲಸಕ್ಕೆ ಹೆಬ್ಬಾಳಕ್ಕಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. ಅಲ್ಲಿನ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ, ಈಗ ಬೀದರಿನ ವಿಶ್ವವಿದ್ಯಾಲಯದ ಅಂಗ. ಅಲ್ಲೇ ಹತ್ತಿರ ರಾಜ್ಯದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ. ಯಲಹಂಕದ ಕಡೆಗೆ ಹೋದರೆ ಪ್ರಾಣಿರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಎಂ.ವಿ.ಎಸ್ಸಿ. ವಿದ್ಯಾರ್ಥಿಯೊಬ್ಬರ ಪ್ರಬಂಧಕ್ಕೆ ಒಂದೇ ಜಾತಿಯ ಹಕ್ಕಿ, ಕಾಕಟೀಲ್ ಅನ್ನಿ, ಅದರ ಚಿತ್ರಗಳಷ್ಟೇ ಸಾಕು. ಕಾಕಟೀಲ್‌ಗಳಿಗಂತೂ ಈ ನಗರದಲ್ಲಿ ಬರವಿಲ್ಲ, ನೋಂದಣಿಯ ಭಯವೂ ಇಲ್ಲ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಇದು ಬರೀ ಮನೆಯ ಹಕ್ಕಿಯ ಪ್ರಶ್ನೆಯಲ್ಲ. ದೂರದ ದೇಶಗಳಲ್ಲಿ ಈ ರೋಗ ಅಪರೂಪದ ಜಾತಿಯ ಉಳಿವಿನ ಬಗ್ಗೆಯೇ ಆತಂಕ ಹುಟ್ಟಿಸಿದೆ. ಬ್ರೆಜಿಲ್‌ನ ಕಾಡಿನಿಂದ ಅಳಿದು ಪಂಜರಗಳಲ್ಲಷ್ಟೇ ಉಳಿದಿದ್ದ ಸ್ಪಿಕ್ಸ್ ಮಕಾವ್‌ಗಳನ್ನು 2022ರಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಅದಕ್ಕೂ ಮುಂಚೆ ಅವನ್ನು ಸಾಕಿ ಬೆಳೆಸಿದವರು ವರ್ಷಗಟ್ಟಲೆ ಹೆದರುತ್ತಿದ್ದುದು ಇದೇ ಬೋರ್ನಾವೈರಸ್ಸಿಗೆ.

ಇನ್ನು ಎಲ್ಲರೂ ಖಾಲಿ ಬಿಡುವ ಒಂದು ಕಲಂ. ಹಕ್ಕಿ ಕೊನೆಗೆ ಏನಾಯಿತು? ಚಿತ್ರ ತೆಗೆದ ಆರು ತಿಂಗಳಿಗೆ, ವರ್ಷಕ್ಕೆ ಅದು ಬದುಕಿತ್ತೇ, ಬದುಕಿಲ್ಲವಾದರೆ ಕಾರಣವೇನು? ಪಿಡಿಡಿಯನ್ನು ಖಚಿತವಾಗಿ ಹೇಳುವುದು ಇಂದಿಗೂ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಮೇಲೆಯೇ. 0.62 ಎಂದು ಬರೆದ ಚಿತ್ರದ ಪಕ್ಕದಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಇದ್ದರೆ ಆ ಸಂಖ್ಯೆಗೆ ಸಾಕ್ಷಿ ಸಿಗುತ್ತದೆ, ಇಲ್ಲದಿದ್ದರೆ ಅದು ಊಹೆಯಾಗಿಯೇ ಉಳಿಯುತ್ತದೆ. ಹಕ್ಕಿ ಸತ್ತ ದಿನ ಮನೆಯವರ ಮನಸ್ಸು ಕೊಯ್ಯಿಸಲು ಒಪ್ಪುವುದಿಲ್ಲ. ಹೂಕುಂಡದಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿನ ಮೂಲೆಯಲ್ಲೋ ಹೂಳುತ್ತಾರೆ. ಆ ದುಃಖ ನಿಜವಾದದ್ದು. ಅದಕ್ಕೇ ಈ ಮಾತನ್ನು ಹಕ್ಕಿ ಬದುಕಿರುವಾಗಲೇ, ಎಕ್ಸ್-ರೇಗೆ ಒಪ್ಪಿಗೆ ಕೇಳುವ ಹೊತ್ತಿನಲ್ಲೇ, ವೈದ್ಯರು ಮೆತ್ತಗೆ ಎತ್ತಿಡಬೇಕು. ಒಪ್ಪಿದವರು ದೇಹವನ್ನು ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ನರಗಳ ಗುರುತು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆಹಾರ ಇಡದ ಬೇರೆ ಡಬ್ಬಿಯೊಳಗೆ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು, ಮರುದಿನದೊಳಗೆ ಐಸ್ ಪ್ಯಾಕ್ ಜೊತೆ ತಲುಪಿಸಬೇಕು. ಗರುಡಾಚಾರ್‌ಪಾಳ್ಯದಿಂದಾದರೆ ಟಿನ್ ಫ್ಯಾಕ್ಟರಿಗೆ ಬಂದು ಹೊರವರ್ತುಲ ರಸ್ತೆ ಹಿಡಿದರೆ ಹೆಬ್ಬಾಳ. ಹೊರಡುವ ಮುನ್ನ ಫೋನ್ ಮಾಡಿ, ಯಾವಾಗ ಬಂದರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಹಳೆಯ ಎಕ್ಸ್-ರೇ ಇರುವ ಪೆನ್‌ಡ್ರೈವನ್ನೂ ತೂಕದ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಕೊಯ್ದು ನೋಡುವವರು ಜಠರದ ಅಗಲವನ್ನು ಚಿತ್ರದಲ್ಲಿ ಅಳೆದ ಅದೇ ಜಾಗದಲ್ಲಿ ಅಳೆಯಲು ಅದರಿಂದ ಸಾಧ್ಯವಾಗುತ್ತದೆ.